ಬೇರೆ ಪಾತ್ರೆ ಕೇಳಿದ ಮಧ್ಯಾಹ್ನ

ಕುದಿಯುವ ಸಾರು ಮೈಮೇಲೆ ಬಿದ್ದರೆ ಮನುಷ್ಯರು ತಕ್ಷಣ ಕಿರುಚುವುದಿಲ್ಲ. ಹೋಟೆಲಿನಲ್ಲಿ ಬಡಿಸುವ ಮಿಚಿಕೊ ಬಾಯಿ ತೆರೆದಳು, ಸದ್ದೇ ಹೊರಡಲಿಲ್ಲ. ಕೊರಳಿನಿಂದ ಮೊಣಕೈವರೆಗೆ ಹಬೆ ಏಳುತ್ತಿತ್ತು. ಆಮೇಲೆ ಕಿರುಚಿದಳು. ಸ್ಯಾನ್ ಡಿಯಾಗೋಗೆ ಬಂದ ಮೂರನೇ ವಾರ ನಾನು ಕಂಡದ್ದು ಇದು.

ಅದಕ್ಕೆ ಮೊದಲು ಇದೇ ರಾಜ್ಯದ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ಒಂದು ವರ್ಷ ಬಾಡಿಗೆಗಿದ್ದೆವು. ನನ್ನ ಗಂಡ ಸುಧೀರ್ ಅವರಿಗೆ ಸ್ಯಾನ್ ಡಿಯಾಗೋದಲ್ಲಿ ಕೆಲಸ ಸಿಕ್ಕಿ 2022ರಲ್ಲಿ ಗಂಟುಮೂಟೆ ಕಟ್ಟಿದೆವು. ಇಲ್ಲಿನ ಕರ್ನಿ ಮೆಸಾ ಬಡಾವಣೆಯಲ್ಲಿ ಮನೆಯ ಹತ್ತಿರವೇ ಒಂದು ಜಪಾನಿ ಹೋಟೆಲು. ಅಲ್ಲಿನ ಊಟಕ್ಕೆ ಶಾಬು-ಶಾಬು ಎನ್ನುತ್ತಾರೆ: ಮೇಜಿನ ನಡುವೆ ಒಲೆ, ಒಲೆಯ ಮೇಲೆ ಕುದಿಯುವ ತಿಳಿಸಾರು, ಕೂತವರೆಲ್ಲ ಅದರಲ್ಲೇ ತಾವು ತಿನ್ನುವ ಕಡ್ಡಿಗಳನ್ನು ಅದ್ದಿ ಸೊಪ್ಪು, ಅಣಬೆ, ಮಾಂಸ ಬೇಯಿಸಿಕೊಂಡು ತಿನ್ನುವುದು. ಉಡುಪಿಯಲ್ಲಿ ನೀರಿನ ಲೋಟವನ್ನೂ ತುಟಿಗೆ ತಾಗಿಸದೆ ಎತ್ತಿ ಕುಡಿದು ಬೆಳೆದವಳು ನಾನು. ಇದು ಎಂಜಲಲ್ಲದೆ ಮತ್ತೇನು? ಮಾಂಸ ತಿನ್ನುವುದಿಲ್ಲ ಎಂಬ ನೆಪ ಹೇಳಿ ನನಗೆ ಬೇರೆ ಪಾತ್ರೆ ಬೇಕೆಂದು ಹಠ ಹಿಡಿದೆ.

ಮಿಚಿಕೊಗೆ ಅರವತ್ತು ದಾಟಿರಬೇಕು. ನಗುತ್ತಲೇ ಒಳಗೆ ಹೋಗಿ, ಕಡಲಪಾಚಿಯ ಸಾರು ಕುದಿಯುತ್ತಿದ್ದ ಪುಟ್ಟ ಪಾತ್ರೆ ತಂದಳು. ಪಕ್ಕದ ಮೇಜಿನ ದಢೂತಿ ಬಿಳಿಯ ಆಸಾಮಿ ಇನ್ನೂ ತನ್ನ ಊಟಕ್ಕೆ ಕಾಯುತ್ತಿದ್ದ. ತನಗೆ ಬಾರದ್ದು ನಮಗೆ ಎರಡನೇ ಸಲ ಬಂತೆಂದು ಎದ್ದವನೇ, ಕೊರೊನಾ ರೋಗ ತಂದವಳೇ, ನಿನ್ನ ದೇಶಕ್ಕೆ ಹೋಗು ಎಂದು ಅರಚಿ, ಪಾತ್ರೆ ಕಿತ್ತುಕೊಂಡು ಅವಳ ಮೇಲೆ ಎರಚಿದ. ಬಿದ್ದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಮತ್ತೆ ಒದ್ದ.

ಸುಧೀರ್ ಎದ್ದರು. ನಾನು ಅವರ ಅಂಗಿ ಹಿಡಿದು ಜಗ್ಗಿದೆ.

“ಸುಮ್ನೆ ಕೂತ್ಕೊಳ್ಳಿ ಮಾರಾಯ್ರೆ! ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಆಗಿದೆ, ಪೊಲೀಸ್ ರಗಳೆ ಬೇಡ.”

ಊರಿನಲ್ಲಿ ಇದೇ ನಾನು, ಬಸ್ಸಿನಲ್ಲಿ ಹುಡುಗಿಯೊಬ್ಬಳ ಮೈಮುಟ್ಟಿದವನ ಕೆನ್ನೆಗೆ ಎರಡು ಬಾರಿಸಿ ಕೆಳಗಿಳಿಸಿದವಳು. ಇಲ್ಲಿ ಮೂರನೆಯ ಒದೆಯನ್ನೂ ಕೂತು ನೋಡಿದೆ. ಬರೆಯಲು ನಾಚಿಕೆಯಾಗುತ್ತದೆ. ಕಡೆಗೆ ಅಡುಗೆಯವರಿಬ್ಬರು ಓಡಿ ಬಂದು, ಅವನ ಬಾಯಿಗೆ ಗುದ್ದಿ ನೆಲಕ್ಕೆ ಕೆಡವಿದರು.

ಪೊಲೀಸರು ಬಂದಾಗ ಅವನು ತುಟಿಯ ರಕ್ತ ಒರೆಸಿಕೊಳ್ಳುತ್ತ, ಮುದುಕಿ ತಾನೇ ಚೆಲ್ಲಿಕೊಂಡಳು, ಇವರು ಸುಮ್ಮಸುಮ್ಮನೆ ನನ್ನನ್ನು ಹೊಡೆದರು ಎಂದ. ಬೇರೆ ಮೇಜುಗಳು ಖಾಲಿಯಿದ್ದವು. ನಮ್ಮ ಕಡೆ ಕೈ ತೋರಿಸಿದ.

“ಇವರನ್ನು ಕೇಳಿ. ಇವರು ಒಳ್ಳೆಯ ಜನ, ನಮ್ಮವರು.”

ಈ ದೇಶಕ್ಕೆ ಬಂದ ಮೇಲೆ ಯಾರಾದರೂ ನಮ್ಮನ್ನು ಹಾಗೆ ಕರೆದದ್ದು ಅದೇ ಮೊದಲು. ಸುಧೀರ್ ನನ್ನ ಕಿವಿಯಲ್ಲಿ, “ರಗಳೆ ಬೇಡ ಅಂತ ನೀನೇ ಹೇಳಿದ್ದಲ್ವ, ನೋಡ್ಲಿಲ್ಲ ಅಂತ ಹೇಳುವ,” ಎಂದರು. ಅಷ್ಟರಲ್ಲಿ ಮಿಚಿಕೊಳನ್ನು ಸ್ಟ್ರೆಚರಿನಲ್ಲಿ ನಮ್ಮ ಮುಂದೆಯೇ ಒಯ್ದರು. ತೋಳಿನ ಚರ್ಮ ಅಂಗಿಗೆ ಅಂಟಿಕೊಂಡಿತ್ತು. ನಾನು ಎದ್ದು ನಿಂತೆ.

“ಅವನೇ ಎರಚಿದ್ದು, ಒದ್ದದ್ದು. ನಾನು ನೋಡಿದ್ದೇನೆ,” ಎಂದೆ, ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ.

ಕೈಕೋಳ ತೊಡಿಸುವಾಗ ಅವನು ನನ್ನತ್ತ ಉಗಿದ. ನಿನ್ನ ದೇಶಕ್ಕೆ ಹೋಗು ಎಂದು ನನಗೂ ಹೇಳಿದ.

ಈಗ ಸಾಕ್ಷಿ ಹೇಳಲು ಬರಬೇಕೆಂದು ಕೋರ್ಟಿನಿಂದ ಪತ್ರ ಬಂದಿದೆ. ಉಡುಪಿಯಿಂದ ಅಮ್ಮ ಫೋನಿನಲ್ಲಿ ಬೈದಳು.

“ನಿಂಗೆ ಎಂತಕ್ಕೆ ಬೇಕಿತ್ತು ಮಾರಾಯ್ತಿ, ಬೇರೆಯವರ ಊರಿನ ಗಲಾಟೆ?”

“ಬೇರೆಯವರ ಊರಲ್ಲ ಅಮ್ಮ.”

“ಹಾಗಾದ್ರೆ ಎಂತ, ನಿನ್ನದಾ?”

ಕೋರ್ಟಿಗೆ ಹೋಗುತ್ತೇನೆ ಎಂದಷ್ಟೇ ಹೇಳಿದೆ.