ಹಳದಿ ಛತ್ರಿಯ ರಾಕೆಟ್

ಲಿಫ್ಟಣ್ಣನ ಕಸುಬೇ ಏರಿಳಿತದ್ದು. ಊರಿನ ಅರ್ಧಕ್ಕರ್ಧ ಕಟ್ಟಡಗಳಲ್ಲಿ ಲಿಫ್ಟ್ ಕೆಟ್ಟರೆ ಸ್ಪ್ಯಾನರ್ ಚೀಲ ಹೆಗಲಿಗೇರಿಸಿಕೊಂಡು, ಮೆಟ್ಟಿಲು ಹತ್ತಿ ಬರುವವನು ಅವನೇ. "ಮೇಲೆ ಹೋಗಿದ್ದು ಕೆಳಗೆ ಬರಲೇಬೇಕು. ಬರದೇ ಇದ್ರೆ ನಂಗೆ ಫೋನ್ ಬರುತ್ತೆ" ಅನ್ನುವುದು ಅವನ ಖಾಯಂ ಜೋಕು. ಹೋದ ವರ್ಷ ಹೆಂಡತಿ ತೀರಿಕೊಂಡ ಮೇಲೆ ಅದನ್ನು ಹೇಳುವುದು ಬಿಟ್ಟ. ಒಬ್ಬಳು ಮೇಲೆ ಹೋಗಿ ಕೂತಿದ್ದಳು. ಫೋನ್ ಯಾರಿಗೆ ಮಾಡಬೇಕೋ ಅವನಿಗೇ ತಿಳಿಯಲಿಲ್ಲ.

ವಾರವಿಡೀ ಆಮೆಯ ಹಾಗೆ ಏರುವ ಡಬ್ಬಿಗಳ ಸಹವಾಸ ಸಾಕಾಗಿ, ಗಂಡ ಹೆಂಡತಿ ಇಬ್ಬರೂ ರಾಕೆಟ್ ಕ್ಲಬ್ ಸೇರಿದ್ದರು. ಕ್ಲಬ್ ಅಂದರೆ ಗೋದಾಮುಗಳ ಆಚೆಗಿನ ಬಯಲು, ಒಂದು ಮೇಜು, ಹತ್ತಾರು ಹವ್ಯಾಸಿಗಳು. ರಟ್ಟಿನ ಕೊಳವೆಗೆ ತೆಳು ಹಲಗೆಯ ರೆಕ್ಕೆ ಅಂಟಿಸಿ, ಬುಡದಲ್ಲಿ ಮದ್ದಿನ ಮೋಟರು ಕೂರಿಸಿ ಹಾರಿಸುವುದು. ರಾಕೆಟ್ಟಿನ ಹೊಟ್ಟೆಯೊಳಗೆ ಮಡಿಸಿಟ್ಟ ಪ್ಯಾರಾಚೂಟು. ಅದರ ಪಕ್ಕದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಯಂತ್ರ. ಅದು ನೆಲಕ್ಕೆ ಬಂದ ಮೇಲೆ, ತಾನು ಎಷ್ಟು ಮೀಟರ್ ಎತ್ತರ ಹೋಗಿದ್ದೆ ಅಂತ ಒಂದೊಂದೇ ಅಂಕಿಯನ್ನು ಬೀಪ್ ಬೀಪ್ ಎಂದು ಎಣಿಸಿ ಹೇಳುತ್ತದೆ. ಯಾರಾದರೂ ಆಫ್ ಮಾಡುವ ತನಕ ಹೇಳಿದ್ದನ್ನೇ ಹೇಳುತ್ತದೆ. ಕ್ಲಬ್ಬಿನವರು ಅದಕ್ಕಿಟ್ಟ ಹೆಸರು ಬೀಪಿ. ಸ್ಪರ್ಧೆಯ ದಿನ ಎಲ್ಲರಿಗೂ ಏರುತ್ತಿದ್ದದ್ದು ಅದೇ ಆದ್ದರಿಂದ ಹೆಸರು ಒಪ್ಪಿತ್ತು.

ಸ್ಪರ್ಧೆ ಸ್ನೇಹದ್ದು, ನಿಯಮ ಮಾತ್ರ ಹೆಡ್‌ಮಿಸ್ಸಿನದು. ಶಾಲೆಯಿಂದ ನಿವೃತ್ತರಾದರೂ ಶಿಸ್ತಿನಿಂದ ನಿವೃತ್ತರಾಗದ ಆ ಮಹಾತಾಯಿ ಸಂಜೆ ಕೆಂಪು ಬಾವುಟ ಇಳಿಸುವುದರೊಳಗೆ, ರಾಕೆಟ್ಟನ್ನು ಹುಡುಕಿ ತಂದು ಎಲ್ಲರ ಕಿವಿಗೂ ಬೀಪಿ ಕೇಳಿಸಬೇಕು. ತರದಿದ್ದರೆ ಚಂದ್ರನಿಗೇ ಮುಟ್ಟಿಸಿ ಬಂದಿದ್ದರೂ ಸೊನ್ನೆ. ಅದಕ್ಕೇ ಹಾರಿಸುವ ಪ್ರತಿಯೊಬ್ಬರಿಗೂ ಒಬ್ಬರು 'ಕಣ್ಣು' ಇರುತ್ತಿದ್ದರು. ಇವರು ಗುಂಡಿ ಒತ್ತಬೇಕು, ಅವರು ಆಕಾಶದಿಂದ ದೃಷ್ಟಿ ಕದಲಿಸದೆ, ಬಿದ್ದ ದಿಕ್ಕಿಗೆ ಬೆರಳು ಚಾಚಿ ನಿಲ್ಲಬೇಕು.

ಲಿಫ್ಟಣ್ಣನ ಕಣ್ಣು ಅವನ ಹೆಂಡತಿ. ಮಡಿಸುವ ಕುರ್ಚಿಯಲ್ಲಿ, ಹಣೆಗೆ ಕೈಯಡ್ಡ ಹಿಡಿದು ಕೂರುವಳು. ಇವನು ಗುಂಡಿ ಒತ್ತಿ ಎಡಕ್ಕೆ ತಿರುಗಿ ಅವಳ ಮುಖ ನೋಡುವನು. "ಎಲ್ಲಿ?" "ಅಲ್ಲಿ." ಅಷ್ಟು ವರ್ಷ ರಾಕೆಟ್ ಹಾರಿಸಿದವನು ಒಂದು ಸಲವೂ ತನ್ನ ರಾಕೆಟ್ ಹಾರುವುದನ್ನು ಸರಿಯಾಗಿ ನೋಡಿರಲಿಲ್ಲ. ನೋಡಿದ್ದೆಲ್ಲ ಅದು ಹಾರುವಾಗ ಅವಳ ಬಾಯಿ ಅರಳುವುದನ್ನು.

ಪ್ರತಿ ವರ್ಷ ಗೆಲ್ಲುತ್ತಿದ್ದದ್ದು ಹಲ್ಲಿನ ಡಾಕ್ಟರು. "ಈ ಸಲ ಅವರ ಹಲ್ಲು ನಾವು ಕೀಳೋಣ ರೀ" ಅಂತ, ಗಾಳಿಗೆ ಕಡ್ಡಿ ಮುರಿದ ತನ್ನ ಹಳದಿ ಛತ್ರಿಯ ಬಟ್ಟೆ ಬಿಚ್ಚಿ, ಪ್ಯಾರಾಚೂಟು ಹೊಲಿದಿಟ್ಟವಳು ಅವಳು. ರಾಕೆಟ್ ಮುಗಿಯುವ ಮುಂಚೆಯೇ ಹೊರಟುಹೋದಳು. ಉಳಿದದ್ದನ್ನು ಅವನೊಬ್ಬನೇ ಅಂಟಿಸಿ, ಉಜ್ಜಿ, ಬಣ್ಣ ಬಳಿದು ಈ ವರ್ಷದ ಸ್ಪರ್ಧೆಗೆ ತಂದಿದ್ದ. ಅವಳ ಮಾತೊಂದನ್ನು ಗೆಲ್ಲಿಸಬೇಕು, ಅವಳ ಛತ್ರಿಯನ್ನು ವಾಪಸ್ ತರಬೇಕು. ಬೇರೆ ಆಸೆ ಇರಲಿಲ್ಲ. ಕುರ್ಚಿಯನ್ನೂ ತಂದಿದ್ದ. ಯಾಕೆಂದು ಯಾರೂ ಕೇಳಲಿಲ್ಲ.

"ಈ ಸಲ ನಿಮ್ಮ ಕಣ್ಣು ಯಾರು ಲಿಫ್ಟಣ್ಣ?" ಅಂದರು ಡಾಕ್ಟರು.

"ಹುಟ್ತಾನೇ ಎರಡು ಬಂದಿವೆಯಲ್ಲ ಡಾಕ್ಟ್ರೇ."

"ಅವೆರಡೂ ಗುಂಡಿ ಮೇಲಿರ್ತವೆ. ನಮ್ಮನೆಯವಳು ಕೂತ್ಕೋತಾಳೆ ಬಿಡಿ. ನನ್ನ ತಪ್ಪುಗಳನ್ನ ದೂರದಿಂದಲೇ ಕಂಡುಹಿಡೀತಾಳೆ, ರಾಕೆಟ್ ಯಾವ ಲೆಕ್ಕ?"

ಡಾಕ್ಟರ ಹೆಂಡತಿ ನಕ್ಕು ಕುರ್ಚಿಗೆ ಕೈ ಹಾಕಿದ್ದೇ ತಡ, ಅವನು ಅಡ್ಡ ಬಂದ. "ಬೇಡಮ್ಮ, ಅದರ ಕಾಲು ಸರಿಯಿಲ್ಲ. ಬಿದ್ದೀರಿ."

ಕುರ್ಚಿಯ ಕಾಲು ಗಟ್ಟಿಮುಟ್ಟಾಗಿತ್ತು. ಆಕೆಗೂ ಅದು ಕಂಡಿರಬೇಕು. "ಸರಿ ಅಣ್ಣ" ಅಂತ ಸುಮ್ಮನೆ ಹಿಂದೆ ಸರಿದರು.

ಡಾಕ್ಟರ ರಾಕೆಟ್ಟು ಐನೂರ ಎಂಬತ್ತು ಮೀಟರ್ ಕೂಗಿತು. ಕೊನೆಗೆ ಲಿಫ್ಟಣ್ಣನ ಸರದಿ. ಮೂರು, ಎರಡು, ಒಂದು. ಗುಂಡಿ ಒತ್ತಿದ. ಬುಸ್ಸೆಂದು ಬೆಂಕಿ ಕಾರಿಕೊಂಡು ಅದು ನೆಗೆದ ಕ್ಷಣ, ಅವನ ಕತ್ತು ತಾನಾಗಿ ಎಡಕ್ಕೆ ತಿರುಗಿತು.

"ಎಲ್ಲಿ?" ಅಂದ, ಗಟ್ಟಿಯಾಗಿ.

ಖಾಲಿ ಕುರ್ಚಿ. ಅದರ ಬಟ್ಟೆ ಗಾಳಿಗೆ ಸ್ವಲ್ಪ ಉಬ್ಬಿತ್ತು, ಅಷ್ಟೇ.

ಆ ಒಂದು ಮಾತಿಗೆ ಬಯಲಿನ ಎಲ್ಲ ತಲೆಗಳೂ ಆಕಾಶ ಬಿಟ್ಟು ಅವನ ಕಡೆ ತಿರುಗಿದವು. ತಪ್ಪು ಹೊಳೆದ ತಕ್ಷಣ ಮತ್ತೆ ಮೇಲೆ ನೋಡಿದವು, ಆದರೆ ಅಷ್ಟರಲ್ಲಿ ಮೋಡ ರಾಕೆಟ್ಟನ್ನು ನುಂಗಿ ನೀರು ಕುಡಿದಾಗಿತ್ತು. ಕ್ಲಬ್ಬಿನ ಬೇಕರಿಯವನು ಪೂರ್ವ ಅಂದ, ಡಾಕ್ಟರು ದಕ್ಷಿಣ ಅಂದರು. ಎಲ್ಲರೂ ಹುಡುಕಿದರು. ಹೊತ್ತು ಇಳಿಯಿತು, ಬಾವುಟ ಇಳಿಯಲಿಲ್ಲ. ಜನ್ಮದಲ್ಲಿ ಯಾವ ಮಗುವನ್ನೂ ತಡವಾಗಿ ಬರಲು ಬಿಡದ ಹೆಡ್‌ಮಿಸ್ಸು, "ನನ್ನ ವಾಚು ಯಾಕೋ ನಿಂತುಹೋಗಿದೆ" ಎಂದು ಗೊಣಗುತ್ತಾ ಕೂತೇ ಇದ್ದರು.

"ಇಳಿಸಿ ಮಿಸ್" ಅಂದ ಅವನೇ. "ನೀವೆಲ್ಲ ಹೊರಡಿ. ಹೋಗಿದ್ದು ಹೋಯ್ತು."

ಅವರು ಹೋದರು, ಒಲ್ಲದ ಮನಸ್ಸಿನಿಂದ. ಅವನು ಹೋಗಲಿಲ್ಲ. ಗೋದಾಮುಗಳ ಹಿಂದಿನ ಓಣಿಯಲ್ಲಿ ಕಿವಿಗೊಟ್ಟು ನಡೆದ, ಲಿಫ್ಟ್ ಓಡಾಡುವ ಕತ್ತಲ ಸಂದಿನೊಳಗೆ ಸಡಿಲ ಬೋಲ್ಟಿನ ಸದ್ದು ಹುಡುಕುವವನ ಹಾಗೆ. ಟಯರು ರಾಶಿಯ ಆಚೆ ತಂತಿಬೇಲಿಯಲ್ಲಿ ಹಳದಿ ಬಟ್ಟೆ ಸಿಕ್ಕಿಕೊಂಡಿತ್ತು. ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅದರ ಕೆಳಗೆ ಬೀಪಿ ಒಂದೇ ಸಮನೆ ಕೂಗುತ್ತಿತ್ತು. ಆರು. ಒಂದು. ನಾಲ್ಕು. ಮತ್ತೆ ಎಣಿಸಿದ. ಆರುನೂರ ಹದಿನಾಲ್ಕು.

ಎಡಕ್ಕೆ ತಿರುಗಿದ. ಟಯರುಗಳು.

ಡಾಕ್ಟರಿಗೆ ಫೋನ್ ಮಾಡಬಹುದಿತ್ತು. ಬೀಪಿ ಕೇಳದೆಯೇ, ಕನಿಕರಕ್ಕೇ ಅವರು ನಂಬಿಬಿಡುತ್ತಿದ್ದರು, ಅದೇ ಕಷ್ಟ. ಫೋನನ್ನು ಜೇಬಿಗೆ ಹಾಕಿಕೊಂಡ.

ಬಯಲಿಗೆ ಬಂದಾಗ ಯಾರೋ ಕುರ್ಚಿಯನ್ನು ಮಡಿಸಿ, ಧೂಳು ಒರೆಸಿ, ಅವನ ಸ್ಕೂಟರಿಗೆ ಒರಗಿಸಿ ಹೋಗಿದ್ದರು. ಕುರ್ಚಿಯನ್ನು ಹಿಂದಿನ ಸೀಟಿಗೆ ಕಟ್ಟಿ, ರಾಕೆಟ್ಟನ್ನು ಅದರೊಳಗೆ ಸಿಕ್ಕಿಸಿದ. ಬೀಪಿ ಆಫ್ ಮಾಡಲು ಹೋದ ಬೆರಳು ಹಿಂದಕ್ಕೆ ಬಂತು. ಅವಳಿದ್ದಿದ್ದರೂ ಮನೆ ಮುಟ್ಟುವ ತನಕ ಹಿಂದೆ ಕೂತು ಇದೊಂದನ್ನೇ ಹೇಳುತ್ತಿದ್ದಳು.

ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು ಹೆಲ್ಮೆಟ್ ಗಾಜು ಎತ್ತಿದ. "ಅಣ್ಣಾ, ಇಂಡಿಕೇಟರ್ ಕೂಗ್ತಾ ಇದೆ. ಆಫ್ ಮಾಡೋಕೆ ಮರ್ತಿದೀರ."

"ಇಂಡಿಕೇಟರ್ ಅಲ್ಲಪ್ಪ ಅದು. ಆರುನೂರ..."

ಹಸಿರು ದೀಪ ಬಿತ್ತು. ಬೈಕು ಹೋಯಿತು. ಲಿಫ್ಟಣ್ಣನ ಬೆನ್ನ ಹಿಂದೆ ಬೀಪಿ ಇನ್ನೊಂದು ಸಲ, ಮೊದಲಿನಿಂದ, ಹೇಳತೊಡಗಿತು.