ಅತ್ತಿಗೆಯ ತೋಳಿನ ಮುಲಾಮು

ನನ್ನ ಅತ್ತಿಗೆ, ಅಂದರೆ ನನ್ನ ಗಂಡನ ಅಕ್ಕ, ಊರೊಳಗೆ ಬಸ್ಸು ಓಡಿಸುತ್ತಾರೆ. ವಯಸ್ಸು ನಲವತ್ತೇಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಮುದುಕ ಬಸ್ಸು ಹತ್ತಿ, "ಡ್ರೈವರ್ ಎಲ್ಲಮ್ಮಾ?" ಎಂದು ಇವರನ್ನೇ ಕೇಳಿದನಂತೆ. "ಸ್ಟೇರಿಂಗ್ ಹಿಡ್ಕೊಂಡು ಕೂತಿರೋಳು ಬಟ್ಟೆ ಒಗೀತಿಲ್ಲ ತಾತ, ಕೂತ್ಕೊಳ್ಳಿ" ಅಂದರಂತೆ ಇವರು. ತಾಯಿ ಬೇಗ ತೀರಿಕೊಂಡ ಆ ಮನೆಯಲ್ಲಿ ನನ್ನ ಗಂಡನನ್ನು ಬೈದು, ಓದಿಸಿ, ದಡ ಸೇರಿಸಿದವರು ಅವರೇ. ತಾವೇಕೆ ಮದುವೆ ಆಗಲಿಲ್ಲ ಎಂದು ಯಾರಾದರೂ ಕೆದಕಿದರೆ, "ಆ ರೂಟಲ್ಲಿ ಪ್ಯಾಸೆಂಜರೇ ಇರ್ಲಿಲ್ಲ, ಟ್ರಿಪ್ ಕ್ಯಾನ್ಸಲ್ ಮಾಡ್ದೆ" ಎಂದು ಮಾತು ಮುಗಿಸಿಬಿಡುತ್ತಾರೆ.

ನನಗೆ ಅವರು ಇಟ್ಟ ಹೆಸರು ಗಾಬರಿ. ಮಗಳು ಒಂದು ಸೀನು ಸೀನಿದರೆ ನಾನು ಥರ್ಮಾಮೀಟರ್ ಹುಡುಕುತ್ತೇನೆ, ಎರಡು ಸೀನಿದರೆ ಡಾಕ್ಟರ ನಂಬರ್ ಹುಡುಕುತ್ತೇನೆ. "ಏ ಗಾಬರಿ, ಮಗೂಗೆ ಮೂಗಿದೆ, ಸೀನ್ತದೆ. ಇಲ್ದೇ ಇದ್ರೆ ಹೆದರ್ಕೋ" ಎನ್ನುತ್ತಿದ್ದರು. ಹೆದರಿಕೆ ಎಂಬುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಅದನ್ನು ನೋಡಿ ನಗುವುದು ಅವರ ಪಾಲಿನದು. ಹಾಗೆಯೇ ನಡೆದುಕೊಂಡು ಬಂದಿತ್ತು.

ಅವರ ಪಾಳಿ ಒಂದೇ ಉದ್ದಕ್ಕೆ ಇರುವುದಿಲ್ಲ. ಬೆಳಿಗ್ಗೆ ಜನ ಕಚೇರಿಗೆ ಹೋಗುವ ಹೊತ್ತು ಒಂದಷ್ಟು, ಸಂಜೆ ಹಿಂದಿರುಗುವ ಹೊತ್ತು ಇನ್ನೊಂದಷ್ಟು. ನಡುವಿನ ಬಿಡುವಿನಲ್ಲಿ ಬೇರೆ ಡ್ರೈವರುಗಳು ಡಿಪೋದ ಬೆಂಚಿನ ಮೇಲೆ ಕಾಲು ಚಾಚಿ ಮಲಗಿದರೆ, ಅತ್ತಿಗೆ ನಮ್ಮ ಮನೆಗೆ ಬರುತ್ತಿದ್ದರು. ನಾನು ಒಳಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ವಿಮಾ ಕಂಪನಿಯೊಂದರ ಗಿರಾಕಿಗಳಿಂದ ಬೈಸಿಕೊಳ್ಳುತ್ತಿದ್ದರೆ, ಹೊರಗೆ ಅವರು ಮಗುವನ್ನು ಮಲಗಿಸುತ್ತಿದ್ದರು. ಮೂರು ತುಂಬದ ನನ್ನ ಮಗಳಿಗೆ ಹಾಸಿಗೆ ಬೇಡ, ದಿಂಬು ಬೇಡ, ಅತ್ತೆಯ ತೋಳೇ ಬೇಕು. ಅವರು ಸಮವಸ್ತ್ರದ ತೋಳನ್ನು ಮೊಣಕೈ ಮೇಲಕ್ಕೆ ಮಡಚಿ ಕೂತರೆ, ಇವಳು ಅಂಗಿ ಕಿತ್ತೆಸೆದು ಆ ಬರಿತೋಳಿಗೆ ಕೆನ್ನೆ, ಎದೆ, ಹೊಟ್ಟೆ ಎಲ್ಲ ಅಂಟಿಸಿಕೊಂಡು ಹಲ್ಲಿಯಂತೆ ಮಲಗಿಬಿಡುತ್ತಿದ್ದಳು.

ಕಳೆದ ವರ್ಷ ಅತ್ತಿಗೆ ಬದಲಾಗತೊಡಗಿದರು. ಕೂತಲ್ಲೇ ಮುಖ ಕೆಂಪೇರಿ ಬೆವರು ಕಿತ್ತುಕೊಂಡು ಬರುತ್ತಿತ್ತು. ನಿದ್ದೆ ಇಲ್ಲ. ಮುಟ್ಟು ಒಂದು ತಿಂಗಳು ನಾಪತ್ತೆ, ಮತ್ತೊಂದು ತಿಂಗಳು ಮುಗಿಯುವುದೇ ಇಲ್ಲ. ಅದನ್ನೂ ತಮಾಷೆ ಮಾಡುತ್ತಿದ್ದರು. "ಇಂಜಿನ್ ಬಿಸಿ ಆಗ್ತಿದೆ ಕಣೆ, ಹಳೇ ಗಾಡಿ." ಆದರೆ ಒಂದು ಮಧ್ಯಾಹ್ನ ಬಂದವರು ತಮಾಷೆ ಮಾಡಲಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕುಸಿದು ಕೂತರು.

"ಇವತ್ತು ಆಸ್ಪತ್ರೆ ತಿರುವು ಬಿಟ್ಟು ನೇರ ಹೋಗ್ಬಿಟ್ಟೆ."

"ಒಂದು ತಿರುವು ತಾನೆ ಅತ್ತಿಗೆ, ಯಾರಿಗಾದ್ರೂ ಆಗುತ್ತೆ."

"ಯಾರಿಗಾದ್ರೂ ಆಗಲ್ಲ. ಅದೇ ರಸ್ತೇಲಿ ಎಷ್ಟು ವರ್ಷದಿಂದ ತಿರುಗಿಸ್ತಿದ್ದೀನಿ. ತಲೇಲಿ ಯಾರೋ ದೀಪ ಆರಿಸಿದ ಹಾಗಾಯ್ತು. ಹಿಂದಿನಿಂದ ಜನ ಅಮ್ಮಾ ಅಮ್ಮಾ ಅಂತ ಕೂಗಿದ್ಮೇಲೇ ಎಚ್ಚರ." ಅಂಗೈ ಮುಂದೆ ಚಾಚಿ ನೋಡಿಕೊಂಡರು. "ತಿರುವು ಮರ್ತಿದ್ದಕ್ಕೆ ಸರಿ ಹೋಯ್ತು. ಬ್ರೇಕ್ ಮರ್ತಿದ್ರೆ?"

ಆ ಮುಖದಲ್ಲಿ ನಾನು ಹೆದರಿಕೆ ಕಂಡದ್ದು ಅದೇ ಮೊದಲು. ಡಾಕ್ಟರ ಹತ್ತಿರ ಹೋಗೋಣ ಎಂದರೆ ಕೇಳಲಿಲ್ಲ. ವಿಷಯ ಡಿಪೋಗೆ ಮುಟ್ಟಿದರೆ ಸ್ಟೇರಿಂಗ್ ಕಿತ್ತುಕೊಂಡು ಟಿಕೆಟ್ ಕೌಂಟರಿನಲ್ಲಿ ಕೂರಿಸುತ್ತಾರೆ ಎಂಬುದು ಅವರ ಭಯ. "ಗಾಜಿನ ಪೆಟ್ಟಿಗೇಲಿ ಕೂತ್ರೆ ನಾನು ಆರೇ ತಿಂಗಳಿಗೆ ಸತ್ತೋಗ್ತೀನಿ" ಎಂದರು.

ಬದಲಿಗೆ ಅವರು ಹೋದದ್ದು ಸಹೋದ್ಯೋಗಿಯೊಬ್ಬಳು ಹೇಳಿದ ಅಂಗಡಿಗೆ. ಎಣ್ಣೆ, ಸೋಪು, ಸೊಪ್ಪಿನ ಪುಡಿ ಮಾರುವ ಹೆಂಗಸೊಬ್ಬಳು ಇವರ ಕಷ್ಟವನ್ನೆಲ್ಲ ತಲೆಯಾಡಿಸಿ ಕೇಳಿ, ಬಿಳಿ ಡಬ್ಬಿಯೊಂದನ್ನು ಕೈಗಿಟ್ಟಳಂತೆ. ನೈಸರ್ಗಿಕ ಹಾರ್ಮೋನು, ಗೆಡ್ಡೆಯಿಂದ ತೆಗೆದದ್ದು, ದೇಹದಲ್ಲಿ ಕಡಿಮೆ ಆದದ್ದನ್ನು ತುಂಬಿಕೊಡುತ್ತದೆ ಅಷ್ಟೆ, ಒಂದು ಚೂರೂ ತೊಂದರೆ ಇಲ್ಲ. ತೋಳಿನ ಒಳಭಾಗಕ್ಕೆ ಉಜ್ಜಬೇಕು. ಎಷ್ಟು? "ನಿಮ್ಮ ದೇಹ ಕೇಳಿದಷ್ಟು."

ಮುಲಾಮು ಕೆಲಸ ಮಾಡಿತು, ಅದನ್ನು ಇಲ್ಲವೆನ್ನಲಾರೆ. ಕೆಲವೇ ವಾರಗಳಲ್ಲಿ ಅತ್ತಿಗೆಗೆ ನಿದ್ದೆ ಬಂತು, ಬೆವರು ಇಳಿಯಿತು, ನಾಲಿಗೆ ಹಳೆಯ ಹರಿತಕ್ಕೆ ಬಂತು. ನನಗೂ ಜೀವ ತಣ್ಣಗಾಯಿತು. ಸಂಜೆಯ ದಟ್ಟಣೆಯಲ್ಲಿ ತಲೆ ಕೈಕೊಡಬಾರದೆಂದು ಅವರು ಅದನ್ನು ಮಧ್ಯಾಹ್ನದ ಬಿಡುವಿನಲ್ಲೇ ಹಚ್ಚಿಕೊಳ್ಳುತ್ತಿದ್ದರು. ಬಂದವರೇ ನಮ್ಮ ಬಚ್ಚಲಿನಲ್ಲಿ ಮುಖ ತೊಳೆದು, ಎರಡೂ ತೋಳಿಗೆ ಉಜ್ಜಿ, ಶುಚಿಯಾಗಿ ಕೈ ತೊಳೆದು, ಹೊರಬಂದು ತೋಳು ಚಾಚುತ್ತಿದ್ದರು. "ಬಾರೇ ನನ್ನ ಹಲ್ಲಿಮರಿ."

ಒಂದು ದಿನ ಮಗಳಿಗೆ ಸ್ನಾನ ಮಾಡಿಸುತ್ತಿದ್ದೆ. ಎದೆಗೆ ಸೋಪು ಹಚ್ಚುವಾಗ ಎಡಗಡೆ ಮೊಲೆತೊಟ್ಟಿನ ಕೆಳಗೆ ಏನೋ ಬೆರಳಿಗೆ ಸಿಕ್ಕಿತು. ಬಟಾಣಿಯಂಥದ್ದು. ಇನ್ನೊಮ್ಮೆ ಮುಟ್ಟಿದೆ. "ಅಮ್ಮಾ, ನೋವು" ಎಂದು ಅವಳು ನನ್ನ ಕೈ ತಳ್ಳಿದಳು. ನಲ್ಲಿ ತನ್ನ ಪಾಡಿಗೆ ಸುರಿಯುತ್ತಿತ್ತು. ನಾನು ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ಗಂಡನಿಗೆ ತೋರಿಸಿದೆ. "ಸೊಳ್ಳೆ ಕಚ್ಚಿರ್ಬೇಕು" ಎಂದರು. ಚರ್ಮದ ಒಳಗೆ ಕಚ್ಚುವ ಸೊಳ್ಳೆ ಯಾವುದು ಎಂದು ಕೇಳಿದೆ. ಫೋನಿನಲ್ಲಿ ಹುಡುಕಿದೆ, ಹುಡುಕಬಾರದಿತ್ತು. ಪ್ರತಿಯೊಂದು ಪುಟವೂ ಹಿಂದಿನದಕ್ಕಿಂತ ಕರಾಳ.

ಮಕ್ಕಳ ಡಾಕ್ಟರು ಮಗಳ ಎದೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡಿದರು. ನನ್ನ ಹಾಗೆಯೇ ಅವರೂ ಇನ್ನೊಮ್ಮೆ ಒತ್ತಿದರು. ಈ ವಯಸ್ಸಿಗೆ ಎದೆ ಬೆಳೆಯಬಾರದು, ರಕ್ತ ನೋಡೋಣ, ಹೊಟ್ಟೆಯ ಸ್ಕ್ಯಾನ್ ಮಾಡಿಸೋಣ ಎಂದರು. ಹೊಟ್ಟೆ ಯಾಕೆ? ಒಳಗೆ ಎಲ್ಲಾದರೂ ಗಡ್ಡೆ ಇದ್ದರೆ ಅದೂ ಹಾರ್ಮೋನು ಸುರಿಸುತ್ತದೆ, ಅದು ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆಮೇಲೆ ಅವರು ಹೇಳಿದ್ದೆಲ್ಲ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಗಡ್ಡೆ ಎಂಬ ಮಾತೊಂದೇ ಒಳಗೆ ಸುತ್ತುತ್ತಿತ್ತು.

ವರದಿ ಬರುವವರೆಗಿನ ಆ ದಿನಗಳನ್ನು ಹೇಗೆ ಕಳೆದೆವೋ. ಅತ್ತಿಗೆ ನಗುವುದನ್ನು ನಿಲ್ಲಿಸಿದರು. ನನ್ನನ್ನು ಗಾಬರಿ ಎಂದು ಕರೆಯುವುದನ್ನೂ ನಿಲ್ಲಿಸಿದರು, ಅದು ಇನ್ನೂ ಹೆದರಿಸಿತು. ಬಿಡುವಿನಲ್ಲಿ ಬಂದರೆ ಮಗುವನ್ನು ಕೆಳಗಿಳಿಸುತ್ತಲೇ ಇರಲಿಲ್ಲ. ಚಿಂತೆಗೆ ಅವರ ನಿದ್ದೆ ಮತ್ತೆ ಕೆಟ್ಟು, ಬೆವರು ಮತ್ತೆ ಏರಿ, ಒಂದು ಬೆರಳು ಹಚ್ಚುತ್ತಿದ್ದ ಮುಲಾಮು ಎರಡು ಬೆರಳಾಯಿತು. ಹೆದರಿಕೆ ಹೆಚ್ಚಿದಷ್ಟೂ ತಬ್ಬಿಕೊಂಡರು, ತಬ್ಬಿಕೊಂಡಷ್ಟೂ... ಆಗ ನಮಗೇನು ಗೊತ್ತು? ನನಗೆ ಗೊತ್ತಾದದ್ದು ಬಲಗಡೆಯೂ ಒಂದು ಬಟಾಣಿ ಎದ್ದಿದೆ ಎಂಬುದು ಮಾತ್ರ.

ವರದಿ ನೋಡುವ ದಿನ ಗಂಡನಿಗೆ ರಜೆ ಸಿಗಲಿಲ್ಲ, ಅತ್ತಿಗೆ ಬಂದರು. ಡಾಕ್ಟರ ಕೋಣೆಯಲ್ಲಿ ಮಗಳು ಎಂದಿನಂತೆ ಅವರ ತೋಳಿನ ಮೇಲೆ ನಿದ್ದೆ ಹೋಗಿದ್ದಳು.

"ಗಡ್ಡೆ ಇಲ್ಲ" ಎಂದರು ಡಾಕ್ಟರು. ನಾನು ಅಳಲು ಬಾಯಿ ತೆರೆಯುವಷ್ಟರಲ್ಲಿ, "ಆದ್ರೆ ರಕ್ತದಲ್ಲಿ ಈಸ್ಟ್ರೋಜನ್ ಜಾಸ್ತಿ ಇದೆ. ದೊಡ್ಡ ಹೆಂಗಸರಲ್ಲಿ ಇರೋ ಹಾರ್ಮೋನು. ಮಗು ದೇಹ ತಾನೇ ಮಾಡ್ಕೊಳ್ತಿರೋ ಹಾಗೆ ಕಾಣಲ್ಲ, ಹೊರಗಿಂದ ಬರ್ತಿದೆ. ಮನೇಲಿ ಯಾರಾದ್ರೂ ಹಾರ್ಮೋನ್ ಮಾತ್ರೆ, ಕ್ರೀಮು ಏನಾದ್ರೂ ಉಪಯೋಗಿಸ್ತೀರಾ?"

"ಇಲ್ಲ" ಎಂದೆ, ಒಂದು ಕ್ಷಣವೂ ಯೋಚಿಸದೆ. ಹಾರ್ಮೋನ್ ಅಂದರೆ ಔಷಧದ ಅಂಗಡಿಯದ್ದು, ಚೀಟಿ ಬರೆಸಿಕೊಂಡು ತರುವುದು. ಗೆಡ್ಡೆಯ ಮುಲಾಮು ನನ್ನ ತಲೆಯಲ್ಲಿ ಸೋಪು, ಪೌಡರುಗಳ ಪಕ್ಕದಲ್ಲಿತ್ತು.

ಡಾಕ್ಟರು ನನ್ನನ್ನು ನೋಡುತ್ತಿರಲಿಲ್ಲ. ಮಗಳ ಕೆನ್ನೆ ಒತ್ತಿಕೊಂಡಿದ್ದ ತೋಳನ್ನು ನೋಡುತ್ತಿದ್ದರು. "ನೀವು ತೋಳಿಗೆ ಏನಾದ್ರೂ ಹಚ್ತೀರಾಮ್ಮ?"

"ಹಚ್ತೀನಿ, ಆದ್ರೆ ಅದು ನೈಸರ್ಗಿಕ..." ಎಂದವರು ಮಾತನ್ನು ಅಲ್ಲೇ ನಿಲ್ಲಿಸಿದರು.

ಧಡಕ್ಕನೆ ಎದ್ದು, ಮಗುವನ್ನು ಮೈಯಿಂದ ದೂರಕ್ಕೆ, ಸುಡುವ ಪಾತ್ರೆ ಹಿಡಿದಂತೆ ಚಾಚಿ ಹಿಡಿದರು. "ತಗೊಳ್ಳೆ! ತಗೋ ಇವಳನ್ನ!" ಮಗಳು ಬೆಚ್ಚಿಬಿದ್ದು ಕಿರುಚಿಕೊಂಡಳು. ನಾನು ಎಳೆದುಕೊಂಡೆ. ಎಷ್ಟು ಜೋರಾಗಿ ಎಳೆದುಕೊಂಡೆ ಎಂಬುದು ಅತ್ತಿಗೆಗೂ ತಿಳಿಯಿತು.

ಡಾಕ್ಟರು ಸಮಾಧಾನವಾಗಿ ಹೇಳಿದರು. ತೋಳಿಗೆ ಹಚ್ಚಿದ್ದು ಅವರ ಚರ್ಮದೊಳಗೆ ಹೋಗುವ ಹಾಗೆಯೇ ಅಂಟಿಕೊಂಡ ಮಗುವಿನ ಚರ್ಮದೊಳಗೂ ಹೋಗಿದೆ. ಕೈ ತೊಳೆದರೆ ಸಾಲದು, ತೋಳು ಮುಚ್ಚಿರಬೇಕಿತ್ತು. ಇನ್ನು ತಾಗದಿದ್ದರೆ ಗಂಟು ಸಾಮಾನ್ಯವಾಗಿ ಕರಗುತ್ತದೆ, ಆದರೆ ನೋಡುತ್ತಲೇ ಇರಬೇಕು. ಗಿಡದಿಂದ ಬಂದರೂ ಹಾರ್ಮೋನು ಹಾರ್ಮೋನೇ. ಅತ್ತಿಗೆಗೂ ಒಂದು ಮಾತು ಹೇಳಿದರು: "ನಿಮ್ಮ ತೊಂದರೆ ನಿಜವಾದ್ದೇ ಅಮ್ಮ, ಅದಕ್ಕೆ ಔಷಧಾನೂ ಇದೆ. ಸ್ತ್ರೀರೋಗದ ಡಾಕ್ಟರನ್ನ ನೋಡಿ. ಅಳತೆ ಇಲ್ಲದ ಡಬ್ಬಿ ಬೇಡ." ಅತ್ತಿಗೆ ಕೇಳಿಸಿಕೊಂಡಂತೆ ಕಾಣಲಿಲ್ಲ.

ಅವತ್ತಿನಿಂದ ಅವರು ನಮ್ಮ ಮನೆಗೆ ಬರಲಿಲ್ಲ. ನಾನೂ ಕರೆಯಲಿಲ್ಲ. ಮಗಳು ಬಾಗಿಲ ಬಳಿ ನಿಂತು "ಅತ್ತೆ ಎಲ್ಲಿ?" ಎಂದು ಕೇಳಿದಾಗೆಲ್ಲ ಬಸ್ಸಿನಲ್ಲಿ ಎಂದೆ. ಗಂಟು ಇನ್ನೂ ಇತ್ತು. ಎಲ್ಲಿಯವರೆಗೆ ಅದು ಬೆರಳಿಗೆ ಸಿಗುತ್ತದೋ ಅಲ್ಲಿಯವರೆಗೆ ನನಗೆ ಆ ತೋಳಿನ ನೆನಪೂ ಬೇಡವಾಗಿತ್ತು. ಬಚ್ಚಲ ಗೋಡೆ, ಕುರ್ಚಿಯ ಕೈ, ಟವೆಲು, ಎಲ್ಲ ಉಜ್ಜಿ ಉಜ್ಜಿ ತೊಳೆದೆ.

ಒಂದು ಸಂಜೆ ಗಂಡ ಮೆಲ್ಲಗೆ ಹೇಳಿದರು: "ಅಕ್ಕ ಡ್ಯೂಟಿಗೆ ಹೋಗ್ತಿಲ್ವಂತೆ. ಫೋನ್ ಎತ್ತಲ್ಲ. ನಾನು ಹೋದ್ರೆ ಬಾಗಿಲು ತೆಗೀದೇ ಬೈತಾಳೆ. ನೀನು ಹೋಗಿ ನೋಡು."

ಮಾರನೆಯ ದಿನ ಮಗಳನ್ನು ಕಟ್ಟಿಕೊಂಡೇ ಹೋದೆ. ಬಿಟ್ಟು ಹೋಗಲು ಯಾರೂ ಇರಲಿಲ್ಲ. ಅತ್ತಿಗೆ ಕದವನ್ನು ಒಂದು ಗೇಣು ತೆಗೆದು ಮಗುವನ್ನು ಕಂಡೊಡನೆ ಹಿಂದಕ್ಕೆ ಸರಿದರು. "ಒಳಗೆ ಕರ್ಕೊಂಡು ಬರ್ಬೇಡ. ಎಲ್ಲೆಲ್ಲಿ ತಾಗಿದೆಯೋ ಏನೋ."

ಒಳಗೆ ಹಗ್ಗದ ತುಂಬ ಒಗೆದ ಹೊದಿಕೆ, ಪರದೆ, ಸಮವಸ್ತ್ರ. ಅವರ ತೋಳು ನೋಡಿದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದ ಹಾಗೆ ಕೆಂಪಾಗಿತ್ತು, ಅಲ್ಲಲ್ಲಿ ರಕ್ತ ಒಸರಿ ಒಣಗಿತ್ತು.

"ಅತ್ತಿಗೆ, ಏನಿದು?"

"ಹೋಗಿಲ್ಲ ಅನ್ಸುತ್ತೆ ಕಣೆ. ತೊಳೆದಷ್ಟೂ ಹೋಗಿಲ್ಲ ಅನ್ಸುತ್ತೆ." ಹಣೆಯಿಂದ ಬೆವರು ಸುರಿಯುತ್ತಿತ್ತು. "ನಾನು ಇನ್ನು ಏನೂ ಹಚ್ಚಲ್ಲ. ಬಿಸಿ ಬಂದ್ರೆ ಬರ್ಲಿ, ಬೆಂದು ಹೋಗ್ತೀನಿ."

"ಬಸ್ಸು?"

ಅವರು ಹಣೆಯ ಬೆವರು ಒರೆಸಿಕೊಂಡರು. "ಮೊನ್ನೆ ನಮ್ಮ ಓಣಿ ತಿರುವೇ ಸಿಗಲಿಲ್ಲ. ನಡ್ಕೊಂಡು ಬರ್ತಿದ್ದೆ" ಎಂದರು.

ನನಗೆ ಆಗ ಹೊಳೆದದ್ದು ಇಷ್ಟೆ: ನಮ್ಮಿಬ್ಬರಲ್ಲಿ ಹೆದರಿಕೆಯ ಅಭ್ಯಾಸ ಇರುವವಳು ನಾನು. ಹೆದರಿಕೊಂಡೇ ಚಪ್ಪಲಿ ಮೆಟ್ಟಿ, ಹೆದರಿಕೊಂಡೇ ಆಟೋ ಹಿಡಿದು, ಎಲ್ಲ ಕಡೆ ಹೋಗಿ ಬಂದವಳು. "ಅಂಗಿ ತೋಳು ಇಳಿಸಿ, ಗುಂಡಿ ಹಾಕ್ಕೊಳ್ಳಿ" ಎಂದೆ. "ಡಾಕ್ಟರ ಹತ್ರ ಹೋಗೋಣ. ಇವಳು ನನ್ನ ಸೊಂಟದ ಮೇಲಿರ್ತಾಳೆ, ನೀವು ಆ ಕಡೆ ಕೂತ್ಕೊಳ್ಳಿ."

ಸ್ತ್ರೀರೋಗದ ಡಾಕ್ಟರು ಮೊದಲು ಬೈದರು. ಗರ್ಭಕೋಶ ಇರುವವರು ಆ ಹಾರ್ಮೋನೊಂದನ್ನೇ ಬಳಸಬಾರದು, ಜೊತೆಗೆ ಇನ್ನೊಂದು ಬೇಕು, ಇಲ್ಲದಿದ್ದರೆ ಒಳಪದರ ದಪ್ಪಗಾಗಿ ಕೆಟ್ಟದಾಗುತ್ತದೆ ಎಂದು ಸ್ಕ್ಯಾನಿಗೆ ಕಳಿಸಿದರು. ಅದು ಚೆನ್ನಾಗಿದೆ ಎಂದು ಗೊತ್ತಾಗುವವರೆಗೆ ಕಾರಿಡಾರಿನಲ್ಲಿ ಅತ್ತಿಗೆಯ ಉಗುರು ನನ್ನ ಮಣಿಕಟ್ಟಿನಲ್ಲಿತ್ತು. ಕೊನೆಗೆ ಡಾಕ್ಟರು ಒಂದು ಅಂಟಿಸುವ ಪಟ್ಟಿ, ಮಲಗುವಾಗ ನುಂಗಲು ಒಂದು ಗುಳಿಗೆ ಬರೆದರು. ಪಟ್ಟಿಯಲ್ಲಿರುವುದೂ ದೇಹದಲ್ಲಿ ಹುಟ್ಟುವಂಥದ್ದೇ ಹಾರ್ಮೋನು, ಅಳೆದದ್ದು. ಸೊಂಟದ ಕೆಳಗೆ, ಬಟ್ಟೆಯ ಒಳಗೆ ಅಂಟಿಸುವುದು.

"ಅದೇ ಹಾರ್ಮೋನಾ?" ಅತ್ತಿಗೆ ಕುರ್ಚಿ ಹಿಂದಕ್ಕೆ ಸರಿಸಿದರು. "ಹಾಗಾದ್ರೆ ಬೇಡ ಡಾಕ್ಟ್ರೇ." ಹೇಳಿದ್ದು ಅವರಿಗೆ, ನೋಡಿದ್ದು ನನ್ನನ್ನು.

ಬೇಡ ಎನ್ನುವುದು ನನಗೆ ಎಷ್ಟು ಸುಲಭವಿತ್ತು. ನಾನು ಕೇಳಬೇಕಾದ್ದನ್ನೆಲ್ಲ ಕೇಳಿದೆ. ಕಿತ್ತು ಬಂದರೆ? ಮಗು ಮುಟ್ಟಿದರೆ? ಬಿಸಾಡುವುದು ಎಲ್ಲಿ? ಬೆವರಿಗೆ ಕರಗಿ ಹರಿದರೆ? ಡಾಕ್ಟರು ಒಂದೊಂದಕ್ಕೂ ಉತ್ತರ ಕೊಟ್ಟು ಕೊನೆಗೆ, "ನೀವು ಲಾಯರಾ?" ಎಂದರು.

"ಅಲ್ಲ ಡಾಕ್ಟ್ರೇ, ಗಾಬರಿ" ಎಂದರು ಅತ್ತಿಗೆ. ಎಷ್ಟೋ ದಿನದ ಮೇಲೆ ಆ ಹೆಸರು ಕೇಳಿದೆ.

"ಬರೆದುಕೊಡಿ" ಎಂದೆ.

ಅತ್ತಿಗೆ ತಾವೇ ಮೇಲಧಿಕಾರಿಗೆ ಹೇಳಿ ಇನ್ನಷ್ಟು ರಜೆ ಪಡೆದು, ತಲೆ ತಿಳಿಯಾಗಿದೆ ಎಂದು ಡಾಕ್ಟರು ಹೇಳಿದ ಮೇಲೆಯೇ ಬಸ್ಸು ಹತ್ತಿದರು. ಯಾರೂ ಅವರನ್ನು ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಲಿಲ್ಲ. ಮಗಳ ಬಲಗಡೆಯ ಗಂಟು ಹೋಗಿತ್ತು, ಎಡಗಡೆಯದು ಎಳ್ಳಿನಷ್ಟಾಗಿತ್ತು. ಕೆಲಸಕ್ಕೆ ಮರಳಿದ ಮೊದಲ ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದು, ಉದ್ದ ತೋಳಿನ ಅಂಗಿಯಲ್ಲಿ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ನೆಂಟರಂತೆ ಕೂತರು. ಮಗಳು ಓಡಿಹೋಗಿ ತೊಡೆ ಹತ್ತಿದಳು. ಅತ್ತಿಗೆ ಎರಡೂ ಕೈಯನ್ನು ತಲೆಯ ಮೇಲಕ್ಕೆ ಎತ್ತಿಬಿಟ್ಟರು, ಎಲ್ಲಿ ಇಡಬೇಕೆಂದು ತಿಳಿಯದೆ ನನ್ನನ್ನೇ ನೋಡಿದರು.

ಈಗಲೂ ದಿನಾ ಸ್ನಾನದಲ್ಲಿ ನನ್ನ ಬೆರಳು ಮಗಳ ಎದೆಯ ಮೇಲೆ ನಿಲ್ಲುತ್ತದೆ, ಇನ್ನು ಮುಂದೆಯೂ ನಿಲ್ಲುತ್ತದೆ. ಆದರೂ ಹತ್ತಿರ ಹೋಗಿ ಅವರ ಒಂದು ಕೈಯನ್ನು ಹಿಡಿದು ಕೆಳಗಿಳಿಸಿ ಮಗಳ ಬೆನ್ನ ಮೇಲೆ ಇಟ್ಟೆ.

"ನಿನ್ನ ಕೈ ನಡುಗ್ತಿದೆ ಕಣೆ" ಎಂದರು.

"ನಿಮ್ಮದೂ ಅಷ್ಟೆ ಅತ್ತಿಗೆ."

ಇನ್ನೊಂದು ಕೈಯನ್ನು ಅವರೇ ಇಳಿಸಿದರು.