ನಾನು ಆರಿಸಿದ ಚುಟ್ಟ

ಮೊಳಕಾಲ್ಮುರಿನಲ್ಲಿ ಕ್ಲಿನಿಕ್ ತೆರೆದ ಎರಡನೆಯ ದಿನ ನನ್ನ ಕುರ್ಚಿಯಲ್ಲಿ ಬಂದು ಕೂತ ಮೊದಲ ರೋಗಿ, ಬಾಯಿ ತೆರೆಯುವ ಮೊದಲು ಬಾಯಲ್ಲಿದ್ದದ್ದನ್ನು ತೆಗೆದು ನನ್ನ ಕೈಗೆ ಕೊಟ್ಟ. ಹೆಬ್ಬೆರಳಿನಷ್ಟು ದಪ್ಪದ ಕಪ್ಪು ಸುರುಳಿ. ತುದಿಯಲ್ಲಿ ಕೆಂಡ ಇನ್ನೂ ಮಿನುಗುತ್ತಿತ್ತು.

"ಸ್ವಲ್ಪ ಹಿಡ್ಕಳವ್ವ. ಆರಿಸ್‌ಬ್ಯಾಡ. ಹಲ್ಲು ಕಿತ್ತಾದ್ಮ್ಯಾಲೆ ಬೇಕಾಗ್ತೈತೆ."

ಕೈಗವಸು ತೊಟ್ಟ ಬೆರಳುಗಳ ನಡುವೆ ಅದನ್ನು ಹಿಡಿದು ನಿಂತೆ. ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹಲ್ಲಿನ ಡಾಕ್ಟರ್ ಆಗಿ ಎಂಟು ವರ್ಷದಲ್ಲಿ ಯಾರೂ ನನಗೆ ಉರಿಯುವ ಹೊಗೆಸೊಪ್ಪನ್ನು ಕಾಯಲು ಕೊಟ್ಟಿರಲಿಲ್ಲ. ಆತ ದೇವಸಮುದ್ರದ ಕಡೆಯ ಕುರಿಗಾಹಿ ಓಬಣ್ಣ. ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿಕೊಂಡೇ ತನ್ನ ಆಸ್ತಿಗಾಗಿ ಕೈ ಚಾಚಿದ. ಇವತ್ತು ಬೇಡ, ಗಾಯ ಮಾಯುವುದಿಲ್ಲ ಎಂದೆ. ಅವನು ಅದನ್ನು ಗೋಡೆಗೆ ಒತ್ತಿ ನಂದಿಸಿ, ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೊರಟ. ಗೋಡೆಯ ಮೇಲೆ ಆ ಕಪ್ಪು ಚುಕ್ಕೆ ಉಳಿಯಿತು.

ಅದಕ್ಕೆ ಇಲ್ಲಿ ಚುಟ್ಟ ಎನ್ನುತ್ತಾರೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ತೆಲುಗಿನ ಮಾತು ಹೀಗೆ ಮನೆಮಾತಾಗಿದೆ. ಸಿಗಾರ್ ಎಂದರೆ ನಿಮಗೆ ಬೇಗ ಅರ್ಥವಾದೀತು: ಹೊಗೆಸೊಪ್ಪಿನ ಎಲೆಯೊಳಗೆ ಹೊಗೆಸೊಪ್ಪನ್ನೇ ಇಟ್ಟು ಸುತ್ತಿದ್ದು. ನಮ್ಮ ಕುಂದಾಪುರದಲ್ಲಿ ಬೀಡಿ ಕಟ್ಟುವ ಹೆಂಗಸರ ನಡುವೆ ಬೆಳೆದ ನನಗೂ ಇದರ ವಾಸನೆ ಹೊಸದು. ಬೀಡಿಯ ಹೊಗೆ ಮೂಗಿಗೆ ತಾಗಿ ಹೋಗುತ್ತದೆ. ಚುಟ್ಟದ್ದು ಪರದೆಯಲ್ಲಿ, ತಲೆಗೂದಲಲ್ಲಿ ಉಳಿದು ಮರುದಿನವೂ ಜೊತೆಗಿರುತ್ತದೆ.

ಕುಂದಾಪುರದಲ್ಲಿ ಹಲ್ಲಿನ ಕ್ಲಿನಿಕ್ಕುಗಳಿಗೆ ಕೊರತೆಯಿರಲಿಲ್ಲ. ಬೇರೆಯವರ ಕುರ್ಚಿಯ ಪಕ್ಕದಲ್ಲಿ ನಿಂತು ನಿಂತು ಸಾಕಾಗಿತ್ತು. ಇಲ್ಲಿ ವಯಸ್ಸಾದ ಹಲ್ಲಿನ ವೈದ್ಯರೊಬ್ಬರು ಕೆಲಸ ಬಿಡುತ್ತಿದ್ದಾರೆಂದು ತಿಳಿದು, ಅಮ್ಮನ ಅಳುವಿಗೆ ಕಿವಿಗೊಡದೆ ಬಂದೆ. ಮನೆ ಹುಡುಕುವುದೇ ದೊಡ್ಡ ಪರೀಕ್ಷೆಯಾಯಿತು. "ಒಬ್ಬರೇನಾ?" ಎಂಬುದು ಮೊದಲ ಪ್ರಶ್ನೆ, "ಮದ್ವಿ?" ಎರಡನೆಯದು. ಮೂರನೆಯದಕ್ಕೆ ಬಂದಾಗ ಕರಾವಳಿಯವಳ ಮುಖ ನೋಡಿ, "ಮೀನು ತಿಂತೀರಲ್ಲ?" ಎಂದು ಬಾಗಿಲು ಅರ್ಧ ಮುಚ್ಚುತ್ತಿದ್ದರು. ಕೊನೆಗೆ ಶೇಂಗಾ ವ್ಯಾಪಾರದಿಂದ ನಿವೃತ್ತರಾದ ಶಿವಲಿಂಗಪ್ಪನವರು ಮಹಡಿಯ ಮೇಲಿನ ಮನೆ ಕೊಟ್ಟರು.

"ಹೊರಗ ಏನಾರ ತಿನ್ರಿ, ಕೇಳಲ್ಲ. ಮನೀಗೆ ಮೀನು ತರಂಗಿಲ್ಲ. ಇಷ್ಟಾದ್ರೆ ನೀವು ನಮ್ಮನೆ ಮಗಳಿದ್ದಂಗೆ," ಎಂದರು. ಕೈಯಲ್ಲಿ ಚುಟ್ಟ ಇತ್ತು.

ಅವರ ಹೆಂಡತಿ ಗೌರಮ್ಮ ಮೊದಲ ದಿನವೇ ಮುದ್ದೆ, ಹುರುಳಿ ಸಾರು ಕಳಿಸಿದರು. ನಾನು ಅಗಿಯುವುದನ್ನು ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಅಯ್ಯೋ, ಮುದ್ದಿ ಅಗೀಬಾರ್ದವ್ವ. ನುಂಗಬೇಕು." ಜನರಿಗೆ ಚೆನ್ನಾಗಿ ಅಗಿಯಿರಿ ಎಂದು ಹೇಳಿಯೇ ಬದುಕುತ್ತಿದ್ದವಳು ನುಂಗಲು ಕಲಿತೆ. ಮೂರು ತಿಂಗಳು ಹಿಡಿಯಿತು. ಕುಂದಾಪುರದಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದು ಚಿಂತೆ, ಇಲ್ಲಿ ತುಟಿ ಒಡೆಯುತ್ತದೆ ಎಂಬುದು. ಅಲ್ಲಿ ಬಾವಿಯ ನೀರು ಸಿಹಿ. ಇಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು. ಅವನ್ನು ಅಳಿಸಿ ಕೊಡಿ ಎಂದು ಮದುವೆ ಗೊತ್ತಾದ ಹುಡುಗಿಯರು ಬರುತ್ತಿದ್ದರು.

ಆದರೆ ಐದನೆಯ ತಿಂಗಳಲ್ಲಿ ಒಂದು ತಪ್ಪು ಮಾಡಿದೆ. ಹಳ್ಳಿಯಿಂದ ಬಂದ ಹೆಂಗಸೊಬ್ಬಳ ಕೆನ್ನೆಯ ಒಳಗೆ ಹುಣ್ಣು ಕಂಡಿತು. ಕ್ಯಾನ್ಸರ್ ಇರಬಹುದು, ತಡಮಾಡದೆ ದಾವಣಗೆರೆಗೆ ಹೋಗಿ ಎಂದು ನೇರವಾಗಿ ಹೇಳಿಬಿಟ್ಟೆ. ಆಕೆ ದಾವಣಗೆರೆಗೂ ಹೋಗಲಿಲ್ಲ, ನನ್ನ ಬಳಿಗೂ ಮತ್ತೆ ಬರಲಿಲ್ಲ. "ಆ ಯಮ್ಮನ ಹತ್ರ ಹಲ್ಲು ನೋವು ಅಂತ ಹೋದ್ರೆ ಕ್ಯಾನ್ಸರ್ ಅಂತಾಳೆ" ಎಂಬ ಮಾತು ಸಂತೆಯಲ್ಲಿ ಹಬ್ಬಿತು. ಎರಡು ವಾರ ಖಾಲಿ ಬೆಂಚನ್ನು ನೋಡುತ್ತ ಕೂತೆ. ಆ ಹೆಂಗಸು ಈಗ ಹೇಗಿದ್ದಾಳೋ ನನಗೆ ಗೊತ್ತಿಲ್ಲ. ಆಗ ಶಿವಲಿಂಗಪ್ಪನವರೇ ದಿನಾ ಸಂಜೆ ಬಂದು ಆ ಬೆಂಚಿನ ಮೇಲೆ ಕೂತು, ದಾರಿಹೋಕರನ್ನೆಲ್ಲ ಮಾತಾಡಿಸಿ ಒಳಗೆ ಕಳಿಸಿದರು. ತಮ್ಮ ಬಾಯಿಯನ್ನು ಮಾತ್ರ ತೋರಿಸಲಿಲ್ಲ. "ನನ್ ಹಲ್ಲು ಕಲ್ಲು. ನಿಮ್ಗೆ ಗಿರಾಕಿ ಅಲ್ಲ," ಎನ್ನುತ್ತಿದ್ದರು.

ವರ್ಷ ತುಂಬಿದಾಗ, ನನ್ನನ್ನು ಉಳಿಸಿಕೊಂಡ ಹತ್ತು ಹನ್ನೆರಡು ಜನರಿಗೆ ಭಾನುವಾರ ಮಧ್ಯಾಹ್ನದ ಊಟ ಹಾಕಬೇಕೆನಿಸಿತು. ಕರೆದಾಗ ಓಬಣ್ಣ ತಲೆ ಕೆರೆದುಕೊಂಡ. "ಊಟ ಎಲ್ಲಾರೂ ಹಾಕ್ತಾರವ್ವ. ಉಂಡಾದ್ಮ್ಯಾಲೆ ಒಂದು ಒಳ್ಳೆ ಚುಟ್ಟ ಕೊಡೋರು ಯಾರವ್ರೆ?"

ತಮಾಷೆಯೆಂದು ನಕ್ಕೆ. ಗೌರಮ್ಮ ನಗಲಿಲ್ಲ. ಹಿಂದೆ ಶೇಂಗಾ ಮಂಡಿಯಲ್ಲಿ ವ್ಯಾಪಾರ ಮುಗಿದ ಮೇಲಿನ ಊಟಗಳಲ್ಲಿ ಹಿರಿಯರಿಗೆ ಚುಟ್ಟ ಹಂಚುವುದು ಮರ್ಯಾದೆಯಾಗಿತ್ತಂತೆ. ಈಗ ಯಾರೂ ಮಾಡುವುದಿಲ್ಲ, ಮಾಡಿದರೆ ಮುದುಕರು ಸಾಯುವ ತನಕ ನೆನೆಯುತ್ತಾರೆ ಎಂದರು. ಶಿವಲಿಂಗಪ್ಪನವರ ಮುಖ ಅರಳಿತು. "ಚಳ್ಳಕೆರೇಲಿ ಬಾಷಾ ಸಾಬರ ಅಂಗಡಿ ಐತೆ. ನಾನೇ ಕರ್ಕಂಡು ಹೋಗ್ತೀನಿ."

ಹಲ್ಲಿನ ಡಾಕ್ಟರ್ ತನ್ನ ಕೈಯಾರೆ ಹೊಗೆಸೊಪ್ಪು ಹಂಚುವುದೇ? ಎರಡು ದಿನ ಒದ್ದಾಡಿದೆ. ಆದರೆ ಖಾಲಿ ಬೆಂಚಿನ ಹೆದರಿಕೆ ದೊಡ್ಡದಿತ್ತು. ಮತ್ತೆ ಉಪದೇಶದ ಡಾಕ್ಟ್ರಮ್ಮ ಆಗುವುದು ಬೇಡ, ಒಂದೇ ದಿನ ತಾನೇ, ಅವರು ಹೇಗೂ ಸೇದುವವರೇ ಎಂದು ಸಮಾಧಾನ ಹೇಳಿಕೊಂಡೆ.

ಗುರುವಾರ ಬೆಳಿಗ್ಗೆ ಬಿ.ಜಿ. ಕೆರೆ ದಾಟಿ ಬಸ್ಸು ಚಳ್ಳಕೆರೆ ಸೇರಿತು. ಇಳಿಯುತ್ತಲೇ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ. ಬಾಷಾ ಸಾಬರ ಅಂಗಡಿ ಪೇಟೆಯ ಒಳಗಲ್ಲಿಯಲ್ಲಿ, ಒಂದು ಮಂಚದಷ್ಟು ಜಾಗ. ನಮ್ಮೂರಲ್ಲಾದರೆ ಹೊಗೆಸೊಪ್ಪಿಗೆ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಾರೆ. ಇಲ್ಲಿ ಒಣಗಿ ಸೀಳದಂತೆ ಕಾಯಬೇಕು. ಸಾಬರು ಚುಟ್ಟಗಳನ್ನು ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆಯಲ್ಲಿ ಇಟ್ಟಿದ್ದರು.

"ಜಲ್ದಿ ಮಾಡ್ಬ್ಯಾಡ್ರಿ ಮೇಡಂ," ಎಂದು ಒಂದೊಂದೇ ಕೈಗಿಟ್ಟರು. ಮೊದಲು ಬಣ್ಣ ನೋಡಬೇಕು: ಹೊರಗಿನ ಎಲೆ ತುದಿಯಿಂದ ತುದಿಗೆ ಒಂದೇ ಕಂದು ಇರಬೇಕು, ನರ ದಪ್ಪಗಿರಬಾರದು. ಆಮೇಲೆ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಬೇಕು. "ಬಿಗಿ ಆದ್ರೆ ಹೊಗೆ ಬರಲ್ಲ. ಸಡ್ಲ ಆದ್ರೆ ನಾಲಿಗೆ ಸುಡ್ತೈತೆ. ಒತ್ತಿದ್ರೆ ತಗ್ಗಬೇಕು, ಬಿಟ್ರೆ ಏಳಬೇಕು." ಕಿವಿಯ ಹತ್ತಿರ ಹಿಡಿದು ಹೊರಳಿಸಿದರೆ ಚರಚರ ಅಂದದ್ದು ಒಣಗಿದ್ದು. ಮೂಗಿಗೆ ಹಿಡಿದಾಗ ಒಂದು ಬಗೆಯದು ಕೊಟ್ಟಿಗೆಯ ಗಂಜಲದಂತೆ ಚುಚ್ಚಿತು. ಸಾಬರು ಅದನ್ನು ಕಿತ್ತುಕೊಂಡು, "ಇದು ಇನ್ನೂ ಹದಕ್ಕೆ ಬಂದಿಲ್ಲ," ಎಂದು ಹಿಂದಕ್ಕಿಟ್ಟರು. ಇನ್ನೊಂದಕ್ಕೆ ಹಳೆಯ ಬೆಲ್ಲದ, ಒಣಹುಲ್ಲಿನ ವಾಸನೆಯಿತ್ತು. ನನಗೇ ನಾಚಿಕೆಯಾಗುವಷ್ಟು ಹಿತವಾಗಿತ್ತು. ಒಂದೊಂದನ್ನೇ ಒತ್ತಿ, ಮೂಸಿ ಹನ್ನೆರಡು ಆರಿಸಿದೆ. ಎರಡನ್ನು ಮಾತ್ರ ಸಾಬರು ತಿರಸ್ಕರಿಸಿ, ಬದಲಿ ಕೊಟ್ಟರು. ಶಿವಲಿಂಗಪ್ಪನವರು ತಮ್ಮ ಮಗಳು ಪಾಸಾದಂತೆ ಹಿಗ್ಗಿದರು.

"ಈಗ ಬೂದಿ ಪರೀಕ್ಷೆ," ಎಂದು ಅವರೇ ಒಂದನ್ನು ಹಚ್ಚಿದರು. ಬೂದಿ ಬೆಳ್ಳಗೆ, ಉದುರದೆ ನಿಂತಿತು. "ನೋಡ್ರಿ ಸಾಬ್ರೇ, ಡಾಕ್ಟ್ರಮ್ಮ ಆರಿಸಿದ್ದು!" ಎಂದು ಕತ್ತು ಹಿಂದಕ್ಕೆ ಒಗೆದು ಗಹಗಹಿಸಿ ನಕ್ಕರು. ಅಂಗಡಿಯ ಎದುರಿನಿಂದ ಬಿಸಿಲು ನೇರವಾಗಿ ಅವರ ಬಾಯೊಳಗೆ ಬಿತ್ತು.

ಅಂಗುಳದ ಮೇಲೆ ಬಿಳಿ ಪದರ. ನಡುವೆ, ಉಗುರಿನಷ್ಟಗಲ ಕೆಂಪು.

ಅವರು ಬಾಯಿ ಮುಚ್ಚಿದರು. ಸಾಬರು ಪೊಟ್ಟಣ ಕಟ್ಟಿದರು. ನಾನು ಅದನ್ನು ಚೀಲಕ್ಕೆ ಹಾಕಿಕೊಂಡೆ. ಬಸ್ಸಿನಲ್ಲಿ ಅವರು ಯಾರು ಯಾರ ಪಕ್ಕ ಕೂರಬೇಕೆಂದು ಬೆರಳು ಮಡಿಸಿ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ನೋಡಿದ್ದು ಬರೀ ಒಂದು ಕ್ಷಣ, ತಪ್ಪಾಗಿರಬಹುದು. ತಪ್ಪಾಗಿರದಿದ್ದರೆ? ಬಿಳಿಯಷ್ಟೇ ಆಗಿದ್ದರೆ ಕಾಯಬಹುದಿತ್ತು, ಕೆಂಪು ಕ್ಯಾನ್ಸರಿನ ಗುರುತಾಗಿರಬಹುದೆಂಬುದು ನನ್ನನ್ನು ಹಿಂಡುತ್ತಿತ್ತು. ಹೇಳಿದರೆ ಇವರೂ ಆ ಹೆಂಗಸಿನಂತೆ ಹೆದರಿ ದೂರವಾದರೆ? ಹಾಗಾದರೆ ಈ ಊರಲ್ಲಿ ನನಗೆ ಮನೆಯೂ ಇಲ್ಲ, ಮನುಷ್ಯರೂ ಇಲ್ಲ. ಶುಕ್ರವಾರ ಹೇಳಲಿಲ್ಲ. ಶನಿವಾರ ಅವರು ಅಂಗಳ ಗುಡಿಸಿ ಚಪ್ಪರ ಹಾಕಿಸುವುದನ್ನು ನೋಡುತ್ತ ನಿಂತೆ. ಊಟ ಮುಗಿಯಲಿ, ಸೋಮವಾರ ಹೇಳುತ್ತೇನೆ ಎಂದುಕೊಂಡೆ. ಅಮ್ಮ ಫೋನಿನಲ್ಲಿ, "ಧ್ವನಿ ಎಂತಕೆ ಹೀಗಿತ್?" ಎಂದಳು. ಸೆಖೆ ಎಂದೆ.

ಭಾನುವಾರ ಊಟ ಚೆನ್ನಾಗಿಯೇ ಆಯಿತು. ಹೋಳಿಗೆ, ಮುದ್ದೆ, ಕಾಳು ಸಾರು. ನಾನು ಮುದ್ದೆ ನುಂಗುವುದನ್ನು ಎಲ್ಲರೂ ಚಪ್ಪಾಳೆ ತಟ್ಟಿ ನೋಡಿದರು. ಎಲೆ ಎತ್ತಿದ ಮೇಲೆ ಗೌರಮ್ಮ ಹಿತ್ತಾಳೆ ತಟ್ಟೆಯಲ್ಲಿ ಅಡಿಕೆ, ವೀಳ್ಯದ ಪಕ್ಕ ಉಳಿದ ಹನ್ನೊಂದು ಚುಟ್ಟ ಜೋಡಿಸಿ ನನ್ನ ಕೈಗೆ ಕೊಟ್ಟರು. ಮುದುಕರ ನಡುವೆ ಗುಸುಗುಸು ಎದ್ದಿತು. ಓಬಣ್ಣ ಒಂದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. "ಎಲ್ಲಿ ಸಿಕ್ತವ್ವ ಇದು!"

ಶಿವಲಿಂಗಪ್ಪನವರ ಎದುರು ಬಂದೆ. ಅವರು ಕೈ ಚಾಚಿದರು. ನಾನು ತಟ್ಟೆ ಮುಂದೆ ಹಿಡಿಯಬೇಕಿತ್ತು. ಅದನ್ನು ಎದೆಗೆ ಒತ್ತಿಕೊಂಡೆ.

"ಕೊಡ್ರಿ ಡಾಕ್ಟ್ರಮ್ಮ, ಯಾಕೆ ನಿಂತ್ರಿ?"

"ಯಜಮಾನ್ರೇ, ನಿಮಗೆ ಇದನ್ನ ಕೊಡೋಕಾಗಲ್ಲ."

"ಯಾಕೆ, ಕಮ್ಮಿ ಬಿದ್ವಾ?"

"ಇಲ್ಲ. ನಿಮ್ಮ ಬಾಯಲ್ಲಿ ಒಂದು ಗಾಯ ನೋಡಿದೆ. ಚಳ್ಳಕೆರೇಲಿ. ಅದನ್ನ ಪರೀಕ್ಷೆ ಮಾಡಿಸ್ಬೇಕು."

ಗೌರಮ್ಮನ ಕೈಯಿಂದ ನೀರಿನ ಚೊಂಬು ಜಾರಿ ಉರುಳಿತು. ಓಬಣ್ಣ ತನ್ನ ಚುಟ್ಟವನ್ನು ಹಚ್ಚದೆಯೇ ತಟ್ಟೆಗೆ ವಾಪಸ್ಸಿಟ್ಟ. ಅವನನ್ನು ನೋಡಿ ಇನ್ನೂ ಮೂವರು ಇಟ್ಟರು. ಶಿವಲಿಂಗಪ್ಪನವರು ಮೇಲೆದ್ದು, ಹೆಗಲ ವಸ್ತ್ರ ಸರಿಮಾಡಿಕೊಂಡು, "ಎಲ್ಲಾರೂ ನಿಧಾನಕ್ಕೆ ಹೋಗಿ ಬರ್ರಿ," ಎಂದಷ್ಟೇ ಹೇಳಿ ಒಳಗೆ ಹೋದರು. ಕದ ಹಾಕಿಕೊಂಡ ಸದ್ದು ಕೇಳಿತು.

ಎರಡು ದಿನ ಕೆಳಗಿನಿಂದ ಊಟ ಬರಲಿಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಗೌರಮ್ಮ ಮುಖ ತಿರುಗಿಸಿದರು. ನಾನು ಬಟ್ಟೆಗಳನ್ನು ಸೂಟ್‌ಕೇಸಿಗೆ ಹಾಕುತ್ತ, ತೆಗೆಯುತ್ತ ಇದ್ದೆ. ಇಲ್ಲಿಯ ವೈದ್ಯೆಯಾಗಿ ಹೇಳಿದ್ದು ಸರಿ, ಈ ಮನೆಯ ಮಗಳಾಗಿ ಹತ್ತು ಜನರೆದುರು ಹೇಳಿದ್ದು ತಪ್ಪು ಅನಿಸುತ್ತಿತ್ತು. ಮೂರು ದಿನ ಮೊದಲೇ, ಒಬ್ಬರಿಗೇ ಹೇಳಬಹುದಿತ್ತು. ಹೇಳದೆ ಉಳಿದದ್ದು ಅವರ ಮೇಲಿನ ಪ್ರೀತಿಯಿಂದಲ್ಲ, ನನ್ನ ಗತಿ ಏನಾಗುತ್ತದೋ ಎಂಬ ಭಯದಿಂದ ಎಂಬುದು ಹೆಚ್ಚು ಚುಚ್ಚಿತು.

ಬುಧವಾರ ಕ್ಲಿನಿಕ್ಕಿನ ಬಾಗಿಲು ತೆರೆದಾಗ ಅವರು ಬೆಂಚಿನ ಮೇಲಿದ್ದರು. ತಮಗಿಂತ ಮೊದಲು ಬಂದ ಇಬ್ಬರ ಸರದಿ ಮುಗಿಯುವ ತನಕ ಕಾದರು. ಕುರ್ಚಿಯಲ್ಲಿ ಕೂತು ಬಾಯಿ ತೆರೆದರು. ನಾನು ತಪ್ಪು ನೋಡಿರಲಿಲ್ಲ.

"ಮಂದಿ ಮುಂದೆ ಹೇಳ್ಬಾರ್ದಿತ್ತು ನೀನು," ಎಂದರು ಬಾಯಿ ಮುಚ್ಚಿ. ಮೊದಲ ಸಲ ನೀನು ಎಂದದ್ದು.

"ಹೌದು. ತಪ್ಪಾಯ್ತು."

"ಹೆದ್ರಿಕೆ ಆಗ್ತೈತೆ ಮಗಾ. ದಾವಣಗೆರೆಗೆ ನನ್ ಜೊತೆ ಬರ್ತೀಯಾ?"

ಕ್ಲಿನಿಕ್ ಮುಚ್ಚಿ ಜೊತೆಗೆ ಹೋದೆ. ಅಲ್ಲಿಯ ವೈದ್ಯರು ಗಾಯದಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರಲು ಹಿಡಿದ ಒಂಬತ್ತು ದಿನ ಗೌರಮ್ಮ ಮತ್ತು ನಾನು ಅಡುಗೆಮನೆಯಲ್ಲಿ ಅಕ್ಕಪಕ್ಕ ಕೂತು ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಆಡಿದೆವು. ಕ್ಯಾನ್ಸರ್ ಆಗಿರಲಿಲ್ಲ. ಆಗುವ ದಾರಿಯಲ್ಲಿತ್ತು. ಹೊಗೆಸೊಪ್ಪನ್ನು ಪೂರ್ತಿ ಬಿಡಬೇಕು, ಮೂರು ತಿಂಗಳಿಗೊಮ್ಮೆ ಬಾಯಿ ನೋಡುತ್ತಿರಬೇಕು ಎಂದರು. ಐವತ್ತು ವರ್ಷದ ಚಟ. ಅವರು ಬಿಟ್ಟರು, ಹಿಡಿದರು, ಮತ್ತೆ ಬಿಟ್ಟರು.

ಕಳೆದ ವಾರ ತಮ್ಮನ ಮದುವೆಗೆಂದು ಕುಂದಾಪುರಕ್ಕೆ ಹೋಗಿದ್ದೆ. ಮದುವೆ ಮನೆಯಲ್ಲಿ ನಾನು ಅರಿವಿಲ್ಲದೆ ಐತೆ, ಬರ್ತೈತೆ ಎಂದಾಗಲೆಲ್ಲ ಚಿಕ್ಕಮ್ಮಂದಿರು ನಕ್ಕರು. ಹೊರಡುವ ದಿನ ಅಮ್ಮ ನಗಲಿಲ್ಲ.

"ಇನ್ನೆರಡ್ ದಿನ ಇರುಕ್ ಆತಿಲ್ಯಾ?"

"ಸೋಮವಾರ ಯಜಮಾನ್ರ ಬಾಯಿ ನೋಡ್ಬೇಕು ಅಮ್ಮ. ಮೂರು ತಿಂಗಳಾಯ್ತು."

"ಅಪ್ಪನ ಬಾಯಿ ಒಂದ್ ದಿನ ಕಂಡಿದ್ಯಾ ನೀನು?" ಎಂದಳು. ಅಪ್ಪ ಪಡಸಾಲೆಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಚೀಲ ಕೆಳಗಿಟ್ಟು, ಟಾರ್ಚ್ ತಂದು, ಅವರ ಬಾಯಿ ತೆರೆಸಿ ನೋಡಿದೆ. ಎರಡು ಹಲ್ಲು ಹುಳುಕಾಗಿದ್ದವು. ಅವನ್ನು ಸರಿಪಡಿಸಲು ಸಮಯವಿರಲಿಲ್ಲ.

ಬಸ್ಸು ಘಟ್ಟ ಹತ್ತುವಾಗ ಗೌರಮ್ಮನ ಫೋನ್ ಬಂತು. "ಬೆಳಿಗ್ಗೆ ಹಿತ್ಲಲ್ಲಿ ಹೊಗಿ ವಾಸನಿ ಬಂತವ್ವ. ಇವ್ರನ್ನ ಕೇಳಿದ್ರೆ ಬಚ್ಚಲ ನೀರೊಲಿದು ಅಂತಾರೆ. ನನಗ್ಯಾಕೋ ನಂಬ್ಕಿ ಇಲ್ಲ. ನೀನು ಮನೀಗೆ ಯಾವಾಗ ಬರ್ತೀಯಾ?"

ಸಂಜೆಯೊಳಗೆ ಎಂದೆ. ಬಸ್ಸು ಇನ್ನಷ್ಟು ಬೇಗ ಹೋಗಲಿ ಅನಿಸಿತು. ಅಷ್ಟರಲ್ಲಿ ಇನ್ನೊಂದು ಕರೆ, ಅಮ್ಮನದು.

"ಅಲ್ಲಿಗ್ ಮುಟ್ಟಿದ್ಯಾ?"

"ಇಲ್ಲಮ್ಮ," ಎಂದೆ. "ಇನ್ನೂ ದಾರಿಯಲ್ಲೇ ಇದ್ದೇನೆ."